ಹಳೇಪೇಟೆ ಉಳಿಸೋದು ಅಂದ್ರೆ ಅಲ್ಲಿ ಬದುಕೋರನ್ನೂ ಉಳಿಸೋದು

ಪ್ರಶ್ನೆ: ನಾವಿರೋ ಹಳೇ ಬೀದಿಗಳನ್ನ ಅಭಿವೃದ್ಧಿ ಮಾಡ್ತೀವಿ ಅಂತ ಒಂದು ಮೀಟಿಂಗ್ ಕರೆದ್ರು. ಪರದೆ ಮೇಲೆ ಚಂದದ ಚಿತ್ರಗಳನ್ನ ತೋರಿಸಿದ್ರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸ್ಕೊಂಡ್ರು. ಈಗ ವರದಿಯಲ್ಲಿ ‘ಸಾರ್ವಜನಿಕ ಸಹಭಾಗಿತ್ವದೊಂದಿಗೆ ತಯಾರಿಸಿದ ಯೋಜನೆ’ ಅಂತ ಬರೆದಿದಾರೆ. ಇದು ನಿಜವಾಗ್ಲೂ ಸಹಭಾಗಿತ್ವನಾ?

ಉತ್ತರ: ಅಲ್ಲ. ನಿಮಗೆ ಮಾಹಿತಿ ಕೊಟ್ಟಿದಾರೆ ಅಷ್ಟೇ, ಅದೂ ಪ್ಲ್ಯಾನ್ ತಯಾರಾದ ಮೇಲೆ. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಅನ್ನೋರು 1969ರಲ್ಲೇ ಒಂದು ಲೇಖನದಲ್ಲಿ ಜನರ ಸಹಭಾಗಿತ್ವನ 8 ಮೆಟ್ಟಿಲಿನ ಏಣಿ ಥರ ವಿವರಿಸಿದ್ರು. ಕೆಳಗಿನ ಎರಡು ಮೆಟ್ಟಿಲಲ್ಲಿ ಜನರನ್ನ ಸುಮ್ನೆ ಒಪ್ಪಿಸೋ ಕೆಲಸ ನಡೆಯುತ್ತೆ. ಮಾಹಿತಿ ಕೊಡೋದು, ಅಭಿಪ್ರಾಯ ಕೇಳೋದು, ಒಂದಿಬ್ಬರನ್ನ ಸಮಿತಿಗೆ ಹಾಕಿ ಸಮಾಧಾನ ಮಾಡೋದು, ಇವು ಮಧ್ಯದ ಮೂರು, ಇವುಗಳನ್ನ ಅವರು ನಾಮಕಾವಸ್ತೆ ಅಂತಲೇ ಕರೀತಾರೆ. ನಿರ್ಧಾರದಲ್ಲಿ ಜನರಿಗೆ ಪಾಲು ಸಿಗೋದು ಮೇಲಿನ ಮೂರು ಮೆಟ್ಟಿಲಲ್ಲಿ ಮಾತ್ರ. ನಿಮ್ಮ ಮೀಟಿಂಗ್ ಕೆಳಗಿಂದ ಮೂರನೇ ಮೆಟ್ಟಿಲಲ್ಲಿದೆ.

ನಾನು ಯಾವ ಯೋಜನೆ ನೋಡಿದ್ರೂ ಮೊದಲು ಕೇಳೋದು ಒಂದೇ: ಇಲ್ಲಿರೋ ಜನ ಬೇಡ ಅಂದಿದ್ರಿಂದ ಪ್ಲ್ಯಾನ್‌ನಲ್ಲಿ ಏನಾದ್ರೂ ಬದಲಾಯ್ತಾ? ಒಂದು ಗೆರೆ ಕೂಡ ಅಳಿಸಿಲ್ಲ ಅಂದ್ರೆ ಎಷ್ಟು ಸಹಿ ಇದ್ರೂ ಅದು ಸಹಭಾಗಿತ್ವ ಅಲ್ಲ. ಆಮೇಲೆ ಮೀಟಿಂಗ್ ಯಾವ ಹೊತ್ತಲ್ಲಿ ಇಟ್ಟಿದ್ರು, ದುಡಿಯೋಕೆ ಹೋಗೋರು ಬರೋಕೆ ಆಗ್ತಿತ್ತಾ, ಹೆಂಗಸರು ಎಷ್ಟು ಜನ ಇದ್ರು, ಬಾಡಿಗೆದಾರರನ್ನ ಕರೆದ್ರಾ ಇಲ್ಲ ಬರೀ ಮನೆ ಮಾಲೀಕರನ್ನ ಕರೆದ್ರಾ, ಇದೆಲ್ಲಾ ಕೇಳಿ. ಹಳೇ ಪ್ರದೇಶಗಳಲ್ಲಿ ನಿಜವಾಗಿ ವಾಸ ಮಾಡೋರು, ಸಣ್ಣ ಅಂಗಡಿ, ವರ್ಕ್‌ಶಾಪ್ ನಡೆಸೋರು ಎಷ್ಟೋ ಸಲ ಬಾಡಿಗೆದಾರರೇ, ಆದ್ರೆ ಪಟ್ಟಿಯಲ್ಲಿ ಹೆಸರು ಇರೋದು ಮಾಲೀಕರದ್ದು.

ತಡ ಆಯ್ತು ಅಂತ ಬಿಟ್ಟುಬಿಡಬೇಡಿ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಸಗಟು ತರಕಾರಿ ಮಾರ್ಕೆಟ್ ಬೇರೆ ಕಡೆ ಹೋಗುತ್ತೆ ಅಂತಾದಾಗ ಸುತ್ತಲಿನ ಹಳೇ ಬೀದಿಗಳನ್ನ ದೊಡ್ಡ ಪ್ರಮಾಣದಲ್ಲಿ ಕೆಡವಿ ಅಗಲ ರಸ್ತೆ, ಹೊಸ ಕಟ್ಟಡ ಮಾಡೋ ಪ್ಲ್ಯಾನ್ ಪೂರ್ತಿ ರೆಡಿ ಇತ್ತು. ಅಲ್ಲಿನ ನಿವಾಸಿಗಳು 1971ರಲ್ಲಿ ಸಂಘ ಕಟ್ಟಿಕೊಂಡು ಪಟ್ಟು ಹಿಡಿದು ಕೂತ್ರು, 1973ರಲ್ಲಿ ಸರ್ಕಾರ ಸುಮಾರು 250 ಕಟ್ಟಡಗಳನ್ನ ಸಂರಕ್ಷಿತ ಪಟ್ಟಿಗೆ ಸೇರಿಸ್ತು, ಕೆಡವೋ ಪ್ಲ್ಯಾನ್ ಅಲ್ಲಿಗೆ ನಿಂತುಹೋಯ್ತು. ಮುಂದೆ ಆ ಜಾಗ ಪ್ರವಾಸಿಗರ ಶಾಪಿಂಗ್ ತಾಣ ಆಗಿದ್ದೂ ನಿಜ, ಹಾಗಾಗಿ ಕಟ್ಟಡ ಉಳಿದ್ರೆ ಅರ್ಧ ಕೆಲಸ ಅಷ್ಟೇ ಮುಗಿದ ಹಾಗೆ. ಮುಂದಿನ ಪ್ರಶ್ನೆ ಉಳಿದರ್ಧದ ಬಗ್ಗೆನೇ.

ಪ್ರಶ್ನೆ: ನಾನು ನಲವತ್ತು ವರ್ಷದಿಂದ ಹಳೇ ಕಟ್ಟಡವೊಂದರಲ್ಲಿ ಬಾಡಿಗೆಗೆ ಇದೀನಿ. ಬೀದಿ ಚೆನ್ನಾಗಾದ್ರೆ ಬಾಡಿಗೆ ಏರುತ್ತೆ, ನಾನು ಖಾಲಿ ಮಾಡ್ಬೇಕಾಗುತ್ತೆ. ಅಂದ್ಮೇಲೆ ನಾನ್ಯಾಕೆ ಇದಕ್ಕೆ ಕೈಜೋಡಿಸ್ಬೇಕು?

ಉತ್ತರ: ನಿಮ್ಮ ಭಯಕ್ಕೆ ಪೂರ್ತಿ ಆಧಾರ ಇದೆ. ಪ್ಯಾರಿಸ್ಸಿನ ಮಾರೆ ಅನ್ನೋ ಹಳೇ ಭಾಗ ಉಳಿದದ್ದು 1962ರ ಸಂರಕ್ಷಣಾ ಕಾನೂನಿನಿಂದ. ಕಟ್ಟಡಗಳು ಮತ್ತೆ ಮಿಂಚಿದ್ವು, ಆದ್ರೆ ಅಂಗಳಗಳಲ್ಲಿ ಬೆಳೆದುಕೊಂಡಿದ್ದ ಸಣ್ಣ ವರ್ಕ್‌ಶಾಪ್‌ಗಳನ್ನ ತೆಗೆಸಿದ್ರು, ಕೈಕೆಲಸದೋರು, ಕಡಿಮೆ ಆದಾಯದೋರು ನಿಧಾನವಾಗಿ ಜಾಗ ಬಿಟ್ರು. ಮಲೇಷ್ಯಾದ ಜಾರ್ಜ್‌ಟೌನ್‌ನಲ್ಲಿ ಬಾಡಿಗೆ ನಿಯಂತ್ರಣ ಕಾನೂನು 2000ದ ಜನವರಿಗೆ ಕೊನೆಯಾದಾಗ ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಹಳೇ ಕಟ್ಟಡಗಳಿಂದ ತಲೆಮಾರುಗಳಿಂದ ಇದ್ದ ಕುಟುಂಬಗಳು ಹೊರಟುಹೋದ್ವು. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಆ ಊರು ಸೇರಿದ್ದು 2008ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಬಾಡಿಗೆದಾರರ ರಕ್ಷಣೆ ವಿಷಯದಲ್ಲಿ ಎಷ್ಟೋ ಕಡೆ ಆಗೋದು ಅದೇ.

ಆದ್ರೆ ಬೇರೆ ದಾರಿ ಇಲ್ಲ ಅಂತಲ್ಲ. ಇಟಲಿಯ ಬೊಲೊನ್ಯಾ ನಗರ 1973ರಲ್ಲಿ ಒಂದು ದೊಡ್ಡ ಹೆಜ್ಜೆ ಇಡ್ತು. ಊರ ಹೊರಗೆ ಹೊಸ ವಸತಿ ಕಟ್ಟೋಕೆ ಅಂತ ಬಳಸ್ತಿದ್ದ ಸಾರ್ವಜನಿಕ ವಸತಿ ವ್ಯವಸ್ಥೆನೇ ಹಳೇ ಊರಿನ ಮನೆಗಳ ರಿಪೇರಿಗೆ ಬಳಸೋದು, ಅಲ್ಲಿರೋ ಜನನ ಅಲ್ಲೇ ಉಳಿಸೋದು. ಮೊದಲು ಆ ಮನೆಗಳನ್ನ ನಗರಸಭೆನೇ ಸ್ವಾಧೀನ ಮಾಡ್ಕೊಳ್ಳೋ ಯೋಚನೆ ಇತ್ತು, ಸಣ್ಣ ಮಾಲೀಕರು ಬಲವಾಗಿ ವಿರೋಧಿಸಿದ್ರು. ಆಗ ಮಾಲೀಕರ ಜೊತೆ ಒಪ್ಪಂದದ ದಾರಿ ಹಿಡಿದ್ರು: ರಿಪೇರಿಗೆ ಸರ್ಕಾರದ ನೆರವು ತಗೊಳ್ಳಿ, ಬದಲಿಗೆ ಬಾಡಿಗೆಗೆ ಮಿತಿ ಒಪ್ಕೊಳ್ಳಿ, ಹಳೇ ಬಾಡಿಗೆದಾರರನ್ನ ಇಟ್ಕೊಳ್ಳಿ. ನನಗೆ ಈ ಉದಾಹರಣೆ ಇಷ್ಟ ಆಗೋಕೆ ಕಾರಣ, ಇಲ್ಲಿ ಜನರ ವಿರೋಧದಿಂದಲೇ ಯೋಜನೆ ಸುಧಾರಿಸ್ತು.

ಹಾಗಾಗಿ ನೀವು ಕೈಜೋಡಿಸಿ, ಆದ್ರೆ ಷರತ್ತಿನ ಮೇಲೆ. ಸಾರ್ವಜನಿಕ ಹಣ ಯಾವ ಕಟ್ಟಡಕ್ಕೆ ಹೋಗುತ್ತೋ ಅಲ್ಲಿ ಇಂತಿಷ್ಟು ವರ್ಷ ಬಾಡಿಗೆ ಇಷ್ಟಕ್ಕಿಂತ ಏರಲ್ಲ, ರಿಪೇರಿ ಟೈಮಲ್ಲಿ ಬೇರೆ ಕಡೆ ಹೋದೋರಿಗೆ ವಾಪಸ್ ಬರೋ ಹಕ್ಕು ಇರುತ್ತೆ ಅಂತ ಲಿಖಿತವಾಗಿ ಬೇಕು ಅನ್ನಿ, ಕೆಲಸ ಶುರುವಾಗೋ ಮೊದಲೇ ಅನ್ನಿ. ಬಾಯಿಮಾತಿನ ಭರವಸೆ ಟೆಂಡರ್ ಆದ್ಮೇಲೆ ಯಾರಿಗೂ ನೆನಪಿರಲ್ಲ.

ಪ್ರಶ್ನೆ: ಹಳೇ ಮನೆ ಸೋರುತ್ತೆ, ಗೋಡೆ ಉದುರುತ್ತೆ. ಕೆಡವಿ ಹೊಸದು ಕಟ್ಟೋದೇ ಪರಿಸರಕ್ಕೂ ಒಳ್ಳೇದಲ್ವಾ?

ಉತ್ತರ: ಬಹುಪಾಲು ಸಂದರ್ಭದಲ್ಲಿ ಅಲ್ಲ. ನಿಂತಿರೋ ಗೋಡೆಗೆ ಬೇಕಾದ ಇಂಧನ ಎಲ್ಲಾ ಯಾವತ್ತೋ ಖರ್ಚಾಗಿದೆ, ಕೆಡವಿದ್ರೆ ಅದು ರಾಶಿ ಕಸ ಆಗುತ್ತೆ, ಹೊಸ ಸಿಮೆಂಟು ಸ್ಟೀಲಿಗೆ ಮತ್ತೆ ಇಂಧನ ಸುಡಬೇಕು. ಎಷ್ಟೋ ಹಳೇ ಗೋಡೆ ಉದುರೋದು ವಯಸ್ಸಿನಿಂದಲೂ ಅಲ್ಲ, ಸುಣ್ಣದ ಗಾರೆ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ರಿಂದ. ಸುಣ್ಣ ತೇವನ ಹೊರಗೆ ಬಿಡುತ್ತೆ, ಸಿಮೆಂಟ್ ಒಳಗೇ ಹಿಡಿದಿಡುತ್ತೆ, ಇಟ್ಟಿಗೆ ಮೆತ್ತಗಾಗಿ ಕಿತ್ತು ಬರುತ್ತೆ. ಮೊದಲು ಛಾವಣಿ ಮತ್ತು ನೀರು ಹರಿಯೋ ದಾರಿ ಸರಿ ಮಾಡ್ಸಿ, ಗೋಡೆ ಆಮೇಲೆ.

ದುಡ್ಡು ಎಲ್ಲಿಂದ ಅಂತ ನೀವು ಕೇಳ್ತೀರ. ಕೈರೋದ ದರ್ಬ್ ಅಲ್ ಅಹ್ಮರ್ ಬಡಾವಣೆ ಕಥೆ ಹೇಳ್ತೀನಿ. ಪಕ್ಕದಲ್ಲಿ ಶತಮಾನಗಳಿಂದ ಕಸ ಮಣ್ಣು ಬಿದ್ದು ಬೆಳೆದ ದಿಬ್ಬ ಇತ್ತು, ಅದನ್ನ ಸುಮಾರು 30 ಹೆಕ್ಟೇರಿನ ಪಾರ್ಕ್ ಮಾಡಿದ್ರು, 2005ರಲ್ಲಿ ತೆರೆದ್ರು. ಅಗೆಯುವಾಗ 12ನೇ ಶತಮಾನದ ಕೋಟೆಗೋಡೆ ಹೊರಬಂತು. ಅದಕ್ಕೆ ಒರಗಿಕೊಂಡೇ ಬಡವರ ಮನೆಗಳಿದ್ವು, ಹಳೇ ಸರ್ಕಾರಿ ಪ್ಲ್ಯಾನ್‌ಗಳಲ್ಲಿ ಅವನ್ನ ತೆರವು ಮಾಡೋದು ಅಂತ ಇತ್ತು. ಕೆಲಸ ನಡೆಸಿದ ಆಗಾ ಖಾನ್ ಟ್ರಸ್ಟ್ ಅನ್ನೋ ಸೇವಾ ಸಂಸ್ಥೆಯೋರು ಮನೆಗಳೂ ಆ ಗೋಡೆಯ ಇತಿಹಾಸದ ಭಾಗನೇ ಅಂತ ವಾದಿಸಿದ್ರು, ಮನೆ ರಿಪೇರಿಗೆ ಸಾಲ ಮತ್ತು ನೆರವು ಕೊಟ್ರು, ಸಣ್ಣ ವ್ಯಾಪಾರಕ್ಕೆ ಪುಟ್ಟ ಸಾಲ ಕೊಟ್ರು, ಅಲ್ಲಿನ ಹುಡುಗರಿಗೇ ಕಲ್ಲುಕೆಲಸ, ಮರಗೆಲಸ ಕಲಿಸಿ ಕೂಲಿ ಕೊಟ್ಟು ಕೆಲಸಕ್ಕೆ ಹಚ್ಚಿದ್ರು. ರಿಪೇರಿ ಕೈಕಸುಬು ಬೀದಿಯಲ್ಲೇ ಉಳಿದ್ರೆ ಮುಂದಿನ ಬಿರುಕಿಗೆ ಹೊರಗಿನ ಕಂಟ್ರಾಕ್ಟರ್ ಬೇಕಾಗಲ್ಲ. ಸುಸ್ಥಿರ ಅನ್ನೋ ಪದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ನೇರವಾದ ಅರ್ಥ ಇಲ್ಲ.

ಪ್ರಶ್ನೆ: ಬೀದಿಯವರಿಗೆ ಒಗ್ಗಟ್ಟೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾವು ನಾಲ್ಕು ಜನ ಯುವಕರಿದೀವಿ, ಎಲ್ಲಿಂದ ಶುರು ಮಾಡೋಣ?

ಉತ್ತರ: ಭಿನ್ನಾಭಿಪ್ರಾಯ ಇರೋದೇ ಸಹಜ, ಒಪ್ಪಂದ ಆಗೋ ಒಂದೆರಡು ವಿಷಯ ಹುಡುಕಿ ಸಾಕು. ಜಪಾನಿನ ತ್ಸುಮಾಗೊ ಅನ್ನೋ ಹಳೇ ಹೆದ್ದಾರಿ ಊರಿನ ನಿವಾಸಿಗಳು 1971ರಲ್ಲಿ ತಮಗೆ ತಾವೇ ಮೂರು ನಿಯಮ ಹಾಕ್ಕೊಂಡ್ರು: ಮಾರಲ್ಲ, ಬಾಡಿಗೆಗೆ ಕೊಡಲ್ಲ, ಕೆಡವಲ್ಲ. ಸರ್ಕಾರ ಅದನ್ನ ರಾಷ್ಟ್ರಮಟ್ಟದ ಸಂರಕ್ಷಿತ ಪ್ರದೇಶ ಅಂತ ಆರಿಸಿದ್ದು ಅದಾಗಿ ಐದು ವರ್ಷಕ್ಕೆ, 1976ರಲ್ಲಿ. ಎಲ್ಲಾ ಊರಿಗೂ ಆ ಮೂರು ನಿಯಮ ಹೊಂದಲ್ಲ, ಬಾಡಿಗೆದಾರರೇ ಜಾಸ್ತಿ ಇರೋ ಕಡೆ ಎರಡನೇದು ನಡೆಯೋದೇ ಇಲ್ಲ, ಆದ್ರೆ ನಿಯಮ ಬರೆದೋರು ಅಲ್ಲಿ ವಾಸ ಮಾಡೋರೇ ಅನ್ನೋದನ್ನ ಗಮನಿಸಿ. ಬೊಲೊನ್ಯಾದಲ್ಲಿ 2014ರಿಂದ ಇನ್ನೊಂದು ವ್ಯವಸ್ಥೆ ಇದೆ, ನಾಗರಿಕರು ಒಂದು ಚೌಕನೋ ಖಾಲಿ ಕಟ್ಟಡನೋ ನೋಡ್ಕೊಳ್ಳೋಕೆ ನಗರಸಭೆ ಜೊತೆ ಲಿಖಿತ ಒಪ್ಪಂದ ಮಾಡ್ಕೋಬಹುದು, ಯಾರು ಏನು ಮಾಡ್ಬೇಕು ಅಂತ ಅದರಲ್ಲೇ ಇರುತ್ತೆ.

ನೀವು ನಾಲ್ಕು ಜನ ಈಗ ಮಾಡಬಹುದಾದ್ದು ಒಂದು ಬೀದಿ ಹಿಡಿದು ಮನೆಮನೆಗೆ ಹೋಗೋದು. ಯಾರಿದಾರೆ, ಎಷ್ಟು ವರ್ಷದಿಂದ ಇದಾರೆ, ಸ್ವಂತದ್ದಾ ಬಾಡಿಗೆನಾ, ಕರಾರು ಪತ್ರ ಇದೆಯಾ, ಎಲ್ಲಿ ಸೋರುತ್ತೆ, ಏನು ಹೋಗಬಾರದು ಅಂತಾರೆ, ಅವರ ಒಪ್ಪಿಗೆ ತಗೊಂಡು ಬರ್ಕೊಳ್ಳಿ. ವಯಸ್ಸಾದೋರನ್ನ ಜೊತೆಗೆ ನಡೆಸಿಕೊಂಡು ಹೋಗಿ, ಬಾವಿ ಎಲ್ಲಿತ್ತು, ಮಳೆನೀರು ಯಾವ ಕಡೆ ಹರೀತಿತ್ತು ಅಂತ ಅವರೇ ತೋರಿಸ್ತಾರೆ, ಅದು ಯಾವ ಕನ್ಸಲ್ಟೆಂಟ್ ನಕ್ಷೆಯಲ್ಲೂ ಇರಲ್ಲ, ನೀವೇ ಒಂದು ನಕ್ಷೆ ಬರೆದು ಅದರಲ್ಲಿ ಗುರುತು ಹಾಕ್ಕೊಳ್ಳಿ. ಅಧಿಕಾರಿಗಳು ಮುಂದಿನ ಮೀಟಿಂಗ್ ಕರೆದಾಗ ಅವರ ಪ್ಲ್ಯಾನ್ ತೆಗೆಯೋ ಮೊದಲು ಈ ನಕ್ಷೆನ ಮೇಜಿನ ಮೇಲೆ ಹರಡಿ, ಮತ್ತೆ ಬಾಡಿಗೆದಾರರ ಹೆಸರು, ಮನೆ ವಿವರ ಇರೋ ಪಟ್ಟಿನ ಮಾತ್ರ ಆ ಬಾಡಿಗೆದಾರರು ಒಪ್ಪೋವರೆಗೂ ಯಾರ ಕೈಗೂ ಕೊಡಬೇಡಿ.