ಸಂಪಾದಕರ ಉತ್ತರ: ಉಳಿದ ನಾಲ್ಕು ಮಕ್ಕಳ ಲೆಕ್ಕ

ರಾಣೆಬೆನ್ನೂರು ಕಡೆಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಊಟಾ ಫ್ರಿತ್ ಅವರ ಸಂಶೋಧನೆಯ ಬಗ್ಗೆ ತರಬೇತಿಯೊಂದರಲ್ಲಿ ಕೇಳಿದರಂತೆ. ಎರಡು ಗೊಂಬೆ, ಒಂದು ಗೋಲಿ ಇಟ್ಟುಕೊಂಡು ಮಾಡುವ ಪರೀಕ್ಷೆ. ಆಟಿಸಂ (ಇತರರೊಂದಿಗೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಇರುವ ಮಕ್ಕಳಿಗೆ ಇನ್ನೊಬ್ಬರ ಮನಸ್ಸು ತಿಳಿಯದ ಕಾರಣ ಅವರು ಅದರಲ್ಲಿ ಸೋಲುತ್ತಾರೆ ಎಂದು ಹೇಳಿಕೊಟ್ಟರಂತೆ. ಅವರ ಎರಡನೇ ತರಗತಿಯಲ್ಲಿ ಯಾರೊಂದಿಗೂ ಬೆರೆಯದ ಹುಡುಗನೊಬ್ಬನಿದ್ದಾನೆ. ಈ ಪರೀಕ್ಷೆ ಮಾಡಿ ಅವನಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ತಾವೇ ತೀರ್ಮಾನಿಸಬಹುದೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ಪ್ರಶ್ನೆಗಿಂತ ದೂರು: “ಗೊಂಬೆಯಾಟಕ್ಕೆ ಒಂದು ಆಯುಷ್ಯ ಸವೆಸುವ ಬದಲು ಔಷಧಿ ಹುಡುಕಬಾರದಿತ್ತೇ?”

ಮೇಡಂ, ದೂರಿನ ಹಿಂದಿರುವ ಸಂಕಟ ಅರ್ಥವಾಗುತ್ತದೆ. ಮಗು ಎದುರಿಗೇ ಕೂತಿರುವಾಗ ಸಿದ್ಧಾಂತ ಯಾರಿಗೆ ಬೇಕು? ಮಕ್ಕಳಿಗೆ ನೇರವಾಗಿ ನೆರವಾಗುವ ಸಂಶೋಧನೆಗೆ ಇನ್ನಷ್ಟು ಹಣ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೊಂಬೆಯಾಟ ಎಂದು ತಳ್ಳಿಹಾಕಿದ್ದು ನ್ಯಾಯವಲ್ಲ. ತಪ್ಪು ನಿಮ್ಮದೂ ಅಲ್ಲ. ನಿಮಗೆ ಹೇಳಿಕೊಟ್ಟವರು ಆ ಪರೀಕ್ಷೆಯ ಮುಖ್ಯ ಭಾಗವನ್ನೇ ಬಿಟ್ಟು ಫಲಿತಾಂಶವನ್ನಷ್ಟೇ ದಾಟಿಸಿದ್ದಾರೆ.

ಪೂರ್ತಿ ಪರೀಕ್ಷೆ ಹೀಗಿದೆ. ಸ್ಯಾಲಿ, ಆ್ಯನ್ ಎಂಬ ಎರಡು ಗೊಂಬೆಗಳು. ಮೊದಲು ಮಗುವಿಗೆ ಯಾವುದು ಯಾರೆಂದು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಸ್ಯಾಲಿ ವಾಪಸ್ ಬರುತ್ತಾಳೆ. ಈಗ ಮುಖ್ಯ ಪ್ರಶ್ನೆ: ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಜಾಗ ಬದಲಾದದ್ದು ಅವಳಿಗೆ ಗೊತ್ತಿಲ್ಲ, ಆದ್ದರಿಂದ ಸರಿಯುತ್ತರ ಬುಟ್ಟಿ. ಇಷ್ಟಕ್ಕೇ ಮುಗಿಯುವುದಿಲ್ಲ. ಗೋಲಿ ನಿಜವಾಗಿ ಎಲ್ಲಿದೆ? ಮೊದಲು ಎಲ್ಲಿತ್ತು? ಈ ಎರಡು ಪ್ರಶ್ನೆಗಳಿಗೂ ಸರಿಯುತ್ತರ ಬಂದರೆ ಮಾತ್ರ ಮಗು ಕಥೆಯನ್ನು ಗಮನಿಸಿದೆ, ನೆನಪಿಟ್ಟುಕೊಂಡಿದೆ ಎಂದರ್ಥ. ಅವು ತಪ್ಪಿದ ಮೇಲೆ ಮುಖ್ಯ ಪ್ರಶ್ನೆಯ ಉತ್ತರಕ್ಕೆ ಬೆಲೆಯಿಲ್ಲ. ಆಮೇಲೆ ಇಡೀ ಆಟ ಇನ್ನೊಮ್ಮೆ ನಡೆಯುತ್ತದೆ, ಆದರೆ ಈ ಸಲ ಗೋಲಿ ಹೋಗುವುದು ಪರೀಕ್ಷೆ ಮಾಡುವವರ ಜೇಬಿಗೆ. ಜಾಗ ಮೂರಾದಾಗ ಊಹೆಯಿಂದ ಪಾರಾಗುವುದು ಕಷ್ಟ.

ವಿಮ್ಮರ್ ಮತ್ತು ಪೆರ್ನರ್ 1983ರಲ್ಲಿ ರೂಪಿಸಿದ್ದ ಪರೀಕ್ಷೆಯನ್ನು ಸರಳಗೊಳಿಸಿ, ಫ್ರಿತ್ ತಮ್ಮ ವಿದ್ಯಾರ್ಥಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಹೋದ್ಯೋಗಿ ಆ್ಯಲನ್ ಲೆಸ್ಲಿ ಜೊತೆ 1985ರಲ್ಲಿ ಪ್ರಕಟಿಸಿದ್ದು ಇದನ್ನೇ. ಆಟಿಸಂ ಇದ್ದ 20 ಮಕ್ಕಳು, ಡೌನ್ ಸಿಂಡ್ರೋಮ್ ಇದ್ದ 14 ಮಕ್ಕಳು, ಸಾಮಾನ್ಯ ಬೆಳವಣಿಗೆಯ 27 ಪುಟಾಣಿಗಳು. ಡೌನ್ ಸಿಂಡ್ರೋಮ್ ಮಕ್ಕಳು ಯಾಕೆ ಬೇಕಿತ್ತು? ಸೋಲಿಗೆ ಬುದ್ಧಿಮಾಂದ್ಯತೆಯೇ ಕಾರಣವಾಗಿದ್ದರೆ ಅವರೂ ಸೋಲಬೇಕಿತ್ತು. ಅವರಲ್ಲಿ 12 ಮಕ್ಕಳು ಸರಿಯುತ್ತರ ಕೊಟ್ಟರು, ಪುಟಾಣಿಗಳಲ್ಲಿ 23. ಆಟಿಸಂ ಇದ್ದ ಮಕ್ಕಳು ಮಾನಸಿಕ ವಯಸ್ಸಿನಲ್ಲಿ (ಬುದ್ಧಿ ಯಾವ ವಯಸ್ಸಿನ ಮಟ್ಟದಲ್ಲಿದೆ ಎಂಬ ಅಳತೆಯಲ್ಲಿ) ಈ ಎರಡೂ ಗುಂಪುಗಳಿಗಿಂತ ಮುಂದಿದ್ದರೂ 16 ಮಂದಿ ತಪ್ಪಿದರು. ಆ ಹದಿನಾರೂ ಮಕ್ಕಳು ಬೆರಳು ತೋರಿಸಿದ್ದು ಗೋಲಿ ನಿಜವಾಗಿ ಇದ್ದ ಜಾಗಕ್ಕೇ. ಬಾಯಿಗೆ ಬಂದದ್ದು ಹೇಳಲಿಲ್ಲ. ತಾವು ಕಂಡ ಸತ್ಯವನ್ನೇ ಹೇಳಿದರು. ನಮ್ಮ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಸೊನ್ನೆ ಹಾಕಿ ಮುಂದಿನ ಹಾಳೆ ತಿರುಗಿಸುತ್ತೇವೆ. ಯಾವ ತಪ್ಪು, ಎಲ್ಲರದೂ ಒಂದೇ ತಪ್ಪೇ ಎಂದು ಕೇಳುವ ಪುರುಸೊತ್ತು ಎಷ್ಟು ಜನರಿಗಿದೆ?

ಹದಿನಾರರ ಸುದ್ದಿ ಊರೆಲ್ಲ ಹಬ್ಬಿತು. ಉಳಿದ ನಾಲ್ವರ ಸುದ್ದಿ ನಿಮ್ಮ ತರಬೇತಿಯವರೆಗೆ ತಲುಪಲಿಲ್ಲ. ನನ್ನ ಮಟ್ಟಿಗೆ ಫ್ರಿತ್ ಮತ್ತು ಅವರ ಬಳಗದ ಹಿರಿಮೆ ಇರುವುದು ಆ ನಾಲ್ವರನ್ನು ಮರೆಯದಿದ್ದುದರಲ್ಲಿ. ಇನ್ನೊಬ್ಬರ ಮನಸ್ಸೇ ತಿಳಿಯದು ಎಂದಾದರೆ ಅವರು ಹೇಗೆ ಗೆದ್ದರು? ಫ್ರಿತ್ ಅವರ ಇನ್ನೊಬ್ಬ ವಿದ್ಯಾರ್ಥಿನಿ ಫ್ರಾನ್ಸೆಸ್ಕಾ ಹ್ಯಾಪೆ 1995ರಲ್ಲಿ ಭಾಷಾ ಸಾಮರ್ಥ್ಯದೊಂದಿಗೆ ಹೋಲಿಸಿ ನೋಡಿದರು. ಈ ಪರೀಕ್ಷೆಯಲ್ಲಿ ಸಾಮಾನ್ಯ ಮಕ್ಕಳು ನಾಲ್ಕರ ಭಾಷಾ ವಯಸ್ಸಿನಲ್ಲಿ (ಭಾಷೆ ಯಾವ ವಯಸ್ಸಿನ ಮಟ್ಟದಲ್ಲಿದೆ ಎಂಬ ಅಳತೆ) ತಲುಪುವ ಮಟ್ಟಕ್ಕೆ ಆಟಿಸಂ ಇರುವ ಮಕ್ಕಳು ತಲುಪುವುದು ಒಂಬತ್ತರ ಹೊತ್ತಿಗೆ. ಅಂದರೆ ಬಾಗಿಲು ಮುಚ್ಚಿಲ್ಲ, ಅವರು ಬೇರೆ ದಾರಿಯಿಂದ, ಭಾಷೆಯ ಆಸರೆಯಲ್ಲಿ ಬರುತ್ತಿದ್ದಾರೆ. 2009ರಲ್ಲಿ ಅತ್ಸುಶಿ ಸೆಂಜು ಮತ್ತಿತರರ ಜೊತೆ ಫ್ರಿತ್ ಇಂಥದೇ ದೃಶ್ಯ ತೋರಿಸಿ ವಯಸ್ಕರ ಕಣ್ಣಿನ ಚಲನೆ ಅಳೆದರು. ಬಾಯಿಬಿಟ್ಟು ಕೇಳಿದರೆ ಆಸ್ಪರ್ಗರ್ (ಮಾತು, ಬುದ್ಧಿಯಲ್ಲಿ ಹಿಂದುಳಿಯದ ಆಟಿಸಂ ರೂಪ) ಇದ್ದವರು ಸರಿಯಾಗಿಯೇ ಉತ್ತರಿಸುತ್ತಿದ್ದರು, ಆದರೆ ಕೇಳದೆ ಇದ್ದಾಗ ಅವರ ಕಣ್ಣು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತಿರಲಿಲ್ಲ. ಇಂಥ ಕಣ್ಣಿನ ಪ್ರಯೋಗಗಳನ್ನು ಬೇರೆಯವರು ಮರಳಿ ಮಾಡಿದಾಗ ಎಲ್ಲ ಕಡೆಯೂ ಅದೇ ಫಲ ಬಂದಿಲ್ಲ, ಅದನ್ನೂ ಹೇಳಬೇಕು.

ಆಕ್ಷೇಪಗಳನ್ನು ಅವರು ಎದುರಿಸಿದ ರೀತಿ ನೋಡಿ. ಗೊಂಬೆಗಳಾದ್ದರಿಂದ ಹೀಗಾಯಿತೆಂದರು ಕೆಲವರು. 1988ರಲ್ಲಿ ಲೆಸ್ಲಿ ಮತ್ತು ಫ್ರಿತ್ ಗೊಂಬೆ ಬಿಟ್ಟು ಮನುಷ್ಯರನ್ನೇ ನಿಲ್ಲಿಸಿ ಮಾಡಿದರು, ಹೆಚ್ಚಿನ ಮಕ್ಕಳು ಆಗಲೂ ತಪ್ಪಿದರು. ಬದಲಾಗುವ ಮುಂಚಿನ ಸಂಗತಿಯನ್ನು ತಲೆಯಲ್ಲಿ ಹಿಡಿದಿಡುವುದೇ ಕಷ್ಟವಿರಬಹುದು ಎಂದರು ಇನ್ನು ಕೆಲವರು. ಲೆಸ್ಲಿ ಮತ್ತು ಥೈಸ್ 1992ರಲ್ಲಿ ಫೋಟೋ ತೆಗೆದು, ಆಮೇಲೆ ವಸ್ತುವಿನ ಜಾಗ ಬದಲಿಸಿ, ಫೋಟೋದಲ್ಲಿ ಅದು ಎಲ್ಲಿದೆ ಎಂದು ಕೇಳಿದರು. ಆಟಿಸಂ ಇದ್ದ ಮಕ್ಕಳು ಚೆನ್ನಾಗಿ ಹೇಳಿದರು. ಹಳೆಯ ಚಿತ್ರ ಅವರಿಗೆ ತೊಡಕಲ್ಲ, ಹಳೆಯ ನಂಬಿಕೆ ತೊಡಕು. ಅದೇ ವರ್ಷ ಸೋಡಿಯನ್ ಮತ್ತು ಫ್ರಿತ್ ಕಳ್ಳನ ಆಟ ಹೂಡಿದರು. ಪೆಟ್ಟಿಗೆಯಲ್ಲಿ ಮಿಠಾಯಿ, ಕಳ್ಳ ಬರುತ್ತಾನೆ. ಬೀಗ ಕೈಯಲ್ಲಿದ್ದರೆ ಮಕ್ಕಳು ಹಾಕಿಬಿಡುತ್ತಿದ್ದರು. ಬೀಗವಿಲ್ಲದೆ “ಪೆಟ್ಟಿಗೆಗೆ ಬೀಗ ಹಾಕಿದೆ” ಎಂದು ಸುಳ್ಳು ಹೇಳಿ ಅವನನ್ನು ಸಾಗಹಾಕಬೇಕಾದಾಗ ಮಾತ್ರ ಹೆಚ್ಚಿನವರಿಗೆ ಆಗಲಿಲ್ಲ. ಕಳ್ಳನನ್ನು ತಡೆಯುವ ಮನಸ್ಸಿದೆ, ಉಪಾಯವೂ ಇದೆ. ಅವನ ತಲೆಯಲ್ಲಿ ತಪ್ಪು ಕಲ್ಪನೆ ಬಿತ್ತುವುದು ಮಾತ್ರ ಬಾರದು. ಇಷ್ಟು ಕೂದಲೆಳೆಯಷ್ಟು ಬಿಡಿಸಿ ನೋಡುವುದಕ್ಕೆ ಆಯುಷ್ಯ ಬೇಕೇ ಬೇಕು.

ಫ್ರಿತ್ ಕೊರತೆಯನ್ನು ಮಾತ್ರ ಹುಡುಕಿದವರಲ್ಲ. ಅಮಿತಾ ಶಾ ಜೊತೆ ಮಾಡಿದ ಕೆಲಸ ನೋಡಿ. ಬಣ್ಣದ ಘನಗಳನ್ನು ಜೋಡಿಸಿ ಕೊಟ್ಟ ವಿನ್ಯಾಸ ಮಾಡುವ ಪರೀಕ್ಷೆಯಲ್ಲಿ, ವಿನ್ಯಾಸಕ್ಕೆ ಗೆರೆ ಹಾಕಿ ತುಂಡಾಗಿಸಿ ತೋರಿಸಿದರೆ ಉಳಿದವರ ವೇಗ ಬಹಳ ಹೆಚ್ಚುತ್ತದೆ. ಆಟಿಸಂ ಇರುವವರಿಗೆ ಆ ನೆರವಿನ ಅಗತ್ಯ ಅಷ್ಟಾಗಿ ಬರಲಿಲ್ಲ, ಅವರು ಮೊದಲೇ ಬಿಡಿಬಿಡಿಯಾಗಿ ಕಾಣಬಲ್ಲರು. ಇದು 1993ರ ಮಾತು. ಆಸ್ಪರ್ಗರ್ ಎಂಬ ಹೆಸರಿಗೆ ಮೂಲವಾದ ಆಸ್ಟ್ರಿಯಾದ ವೈದ್ಯ ಹಾನ್ಸ್ ಆಸ್ಪರ್ಗರ್ ಆಟಿಸಂ ಬಗ್ಗೆ 1944ರಲ್ಲಿ ಬರೆದ ಜರ್ಮನ್ ಪ್ರಬಂಧವನ್ನು 1991ರಲ್ಲಿ ಇಂಗ್ಲಿಷಿಗೆ ತಂದವರೂ ಫ್ರಿತ್. ಆತ ನಾಜಿಗಳಿಗೆ ಸಹಕರಿಸಿದ ದಾಖಲೆಗಳು 2018ರಲ್ಲಿ ವಿವರವಾಗಿ ಪ್ರಕಟವಾದವು. ಅದಕ್ಕೆ ಬೇರೆಯೇ ಬರಹ ಬೇಕು.

ಔಷಧಿ ಸಿಗಲಿಲ್ಲವಲ್ಲ ಎನ್ನುತ್ತೀರಿ. ಸಿಕ್ಕಿದ್ದೇನು ಕೇಳಿ. ಫ್ರಿತ್ ಲಂಡನ್ನಿನಲ್ಲಿ ಹರ್ಮೆಲಿನ್ ಮತ್ತು ಒ’ಕಾನರ್ ಬಳಿ ಪಿಎಚ್‌ಡಿ ಮುಗಿಸಿದ್ದು 1968ರಲ್ಲಿ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂದು ಬ್ರೂನೋ ಬೆಟಲ್‌ಹೈಮ್ ಥರದವರು ದೊಡ್ಡ ದನಿಯಲ್ಲಿ ಹೇಳುತ್ತಿದ್ದ ಕಾಲ ಅದು. ಹರ್ಮೆಲಿನ್, ಒ’ಕಾನರ್ ವಾದಕ್ಕೆ ಇಳಿಯಲಿಲ್ಲ. ಮಕ್ಕಳಿಗೆ ವಾಕ್ಯಗಳನ್ನೂ ಸಂಬಂಧವಿಲ್ಲದ ಪದಗಳ ಸಾಲನ್ನೂ ಕೇಳಿಸಿ ಒಪ್ಪಿಸಲು ಹೇಳಿದರು. ವಾಕ್ಯಕ್ಕೆ ಅರ್ಥವಿರುವುದರಿಂದ ನೆನಪಿಗೆ ಸಿಗುವ ಲಾಭ ಆಟಿಸಂ ಇದ್ದ ಮಕ್ಕಳಿಗೆ ಕಡಿಮೆಯಿತ್ತು. ಅಮ್ಮ ಮುದ್ದು ಮಾಡಿದ್ದಕ್ಕೂ ಬಿಟ್ಟಿದ್ದಕ್ಕೂ ಇದಕ್ಕೂ ಏನು ಸಂಬಂಧ? ಇಂಥ ಒಣ ಪ್ರಯೋಗಗಳು ಒಂದೊಂದಾಗಿ ಸೇರಿ ತಾಯಂದಿರ ಮೇಲಿದ್ದ ಅಪವಾದವನ್ನು ಇಳಿಸಿದವು. ನಮ್ಮ ಊರುಗಳಲ್ಲಿ ಇವತ್ತಿಗೂ “ನೀನು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತು” ಎಂಬ ಮಾತು ಸೊಸೆಯ ಕಿವಿಗೆ ಬೀಳುತ್ತಿದೆ.

ಫ್ರಿತ್ ಅವರ ಮಾತೇ ಕೊನೆಯದೆಂದು ನಾನು ಹೇಳುತ್ತಿಲ್ಲ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಎತ್ತಿದ ಪ್ರಶ್ನೆ ಗಟ್ಟಿಯಾದದ್ದು: ನಮಗೆ ನಿಮ್ಮ ಮನಸ್ಸು ತಿಳಿಯದು ಎನ್ನುತ್ತೀರಿ, ನಿಮಗೆ ನಮ್ಮದು ತಿಳಿಯುತ್ತದೆಯೇ? ವಿಜ್ಞಾನ ಹೀಗೇ ಸಾಗಬೇಕು. ನನಗೆ ಸಿಟ್ಟಿರುವುದು ಕೊಂಡಿ ಕಳಚಿ ಫಲಿತಾಂಶ ಮಾರುವವರ ಮೇಲೆ. ಒಂದು ಸ್ಲೈಡಿನಲ್ಲಿ “ಇವರಿಗೆ ಸಹಾನುಭೂತಿ ಇಲ್ಲ” ಎಂದು ಬರೆಯುತ್ತಾರೆ. ಗೋಲಿ ಎಲ್ಲಿ ಹುಡುಕುತ್ತಾಳೆ ಎಂಬುದು ನಂಬಿಕೆಯ ಪ್ರಶ್ನೆ. ಅಳುವ ಗೆಳೆಯನನ್ನು ಕಂಡು ಮರುಗುವುದು ಬೇರೆ. ಪತ್ರಿಕೆಗಳು “ಆಟಿಸಂಗೆ ಕಾರಣ ಪತ್ತೆ” ಎಂದು ತಲೆಬರಹ ಕೊಡುತ್ತವೆ, ಎಷ್ಟು ಮಕ್ಕಳ ಮೇಲೆ ಮಾಡಿದ ಅಧ್ಯಯನವೆಂದು ಬರೆಯುವುದಿಲ್ಲ. ಆಟಿಸಂಗೆ ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯನ್ನು ಸಂಶೋಧನೆಯ ಹೊರಗೆ ಕೊಡಕೂಡದೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿದೆ, ಆದರೂ ಹೊಲ ಮಾರಿ ದುಡ್ಡು ಕಟ್ಟುವ ಅಪ್ಪ-ಅಮ್ಮಂದಿರಿದ್ದಾರೆ. ಔಷಧಿ ಬೇಗ ಬೇಕೆಂಬ ನಿಮ್ಮ ಆತುರವೇ ಇವರ ಬಂಡವಾಳ, ಮೇಡಂ.

ಮೊದಲ ಪ್ರಶ್ನೆಗೆ ಬರುತ್ತೇನೆ. ಬೇಡ, ಆ ಪರೀಕ್ಷೆಯಿಂದ ತೀರ್ಮಾನ ಮಾಡಬೇಡಿ. ಅದು ಗುಂಪುಗಳನ್ನು ಹೋಲಿಸಲು ಹುಟ್ಟಿದ್ದು, ಒಂದು ಮಗುವಿನ ಮೇಲೆ ಚೀಟಿ ಅಂಟಿಸಲು ಅಲ್ಲ. ಆಟಿಸಂ ಇರುವ ಮಗು ಗೆಲ್ಲಬಹುದು, ಇಲ್ಲದ ಮಗು ಸೋಲಬಹುದು. ಪ್ರಶ್ನೆಯಲ್ಲಿ “ಮೊದಲು ಎಲ್ಲಿ ಹುಡುಕುತ್ತಾಳೆ” ಎಂದು ಒಂದು ಪದ ಸೇರಿಸಿದರೆ ಮೂರು ವರ್ಷದವರ ಫಲಿತಾಂಶವೇ ಸುಧಾರಿಸುತ್ತದೆ ಎಂದು ಸಂಶೋಧಕರು 1991ರಲ್ಲೇ ಕಂಡಿದ್ದಾರೆ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ತರಬೇತಿ ಪಡೆದವರು ಮಗುವನ್ನು ಗಮನಿಸಿ, ಮನೆಯವರನ್ನು ವಿಚಾರಿಸಿ ತುಂಬಬೇಕು.

ನೀವು ಮಾಡಬಹುದಾದದ್ದು ಬೇರೆ ಇದೆ. ಒಂದೆರಡು ವಾರ ಬರೆದಿಡಿ: ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾನೆಯೇ, ಖುಷಿಯಾದದ್ದನ್ನು ಬೆರಳು ಮಾಡಿ ನಿಮಗೆ ತೋರಿಸುತ್ತಾನೆಯೇ, ಬಿಡುವಿನ ವೇಳೆ ಏನು ಮಾಡುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಶಾಲೆಗೆ ಬಂದಾಗ ಆ ಹಾಳೆ ಕೊಟ್ಟು, ಮುಂದಿನ ತಪಾಸಣೆಗೆ ಕಳಿಸಲು ಕೇಳಿ. ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆಯಾಗಲಿ. ಕಿವಿ ಚೆನ್ನಾಗಿ ಕೇಳಿಸುವ ತಂದೆತಾಯಿಗೆ ಹುಟ್ಟಿ, ಸನ್ನೆಭಾಷೆ ತಡವಾಗಿ ಸಿಕ್ಕ ಕಿವುಡ ಮಕ್ಕಳಲ್ಲಿ ಹಲವರೂ ಸ್ಯಾಲಿಯ ಪ್ರಶ್ನೆಯಲ್ಲಿ ತಪ್ಪುತ್ತಾರೆ ಎಂದು ಪೀಟರ್ಸನ್ ಮತ್ತು ಸೀಗಲ್ 1995ರಲ್ಲಿ ತೋರಿಸಿದ್ದಾರೆ. ಶ್ರವಣ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಯವರೆಗೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ.