ಎಕ್ಸ್‌ರೇ ನಾರ್ಮಲ್ ಇದ್ದರೂ ಅಪಘಾತದ ನಂತರದ ಸ್ನಾಯು ನೋವಿಗೆ ಪರಿಹಾರದ ಹಣ ಸಿಗುತ್ತದೆಯೇ?

ಸಿಗಬಹುದು. ಆದರೆ ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ‘ನೋವಿದೆ’ ಎಂದರಷ್ಟೇ ಸಾಲದು. ಅದರಿಂದ ಯಾವ ಕೆಲಸ ಕೈಬಿಟ್ಟಿತು ಅಂತ ತೋರಿಸಬೇಕು.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನೋವು ಕಾಣುವುದಿಲ್ಲ. ಗಾಯ ಮಾಗಿದ ಮೇಲೂ ಕೆಲವರ ನರಗಳು ಅತಿ ಸೂಕ್ಷ್ಮವಾಗಿಯೇ ಉಳಿದುಬಿಡುತ್ತವೆ. ಮೆಲ್ಲಗೆ ಒತ್ತಿದರೂ ನೋಯುತ್ತದೆ. ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ಸುಮ್ನೆ ನಾಟಕ ಅಂತಲ್ಲ.

ಡಾಕ್ಟರ್ ಬರೆಯುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದು ಕೊಟ್ಟ ಉದಾಹರಣೆ: ಎಡಗೈ ಹೋದರೆ ಡ್ರೈವರ್‌ಗೆ ದುಡಿಮೆಯೇ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ. ಭುಜದ ನೋವಿಗೂ ಇದೇ ಲೆಕ್ಕ, ಅಲ್ವಾ?

ಹಾಗಾಗಿ ಫಿಸಿಯೋಥೆರಪಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಸಾಕ್ಷಿ ಹೇಳಿದರೆ ಬರೀ ಸರ್ಟಿಫಿಕೇಟಿಗಿಂತ ತೂಕ ಜಾಸ್ತಿ.