ಒಂದೇ ಸೆಟ್ಟಿಂಗ್‌ನಲ್ಲಿ ಬುಲೆಟ್ ಕೂರಿಸಿದರೂ ಕಾರ್ಟ್ರಿಜ್‌ಗಳ (ತೋಟಾಗಳ) ಉದ್ದ ಬೇರೆ ಬೇರೆ ಬರುವುದೇಕೆ?

ಕೈಯಾರೆ ತೋಟಾ ತುಂಬುವಾಗ ಸೀಟಿಂಗ್ ಡೈನ (ಬುಲೆಟ್ ಅನ್ನು ಕೇಸ್‌ಗೆ, ಅಂದರೆ ತೋಟಾದ ಲೋಹದ ಕವಚಕ್ಕೆ, ಕೂರಿಸುವ ಉಪಕರಣ) ಸೆಟ್ಟಿಂಗ್ ಮುಟ್ಟಿಲ್ಲ, ಆದರೂ ಉದ್ದ ಬದಲಾಗುತ್ತಿದೆ ಅಂದ್ರೆ ಹೆಚ್ಚಾಗಿ ಕಾರಣ ಬುಲೆಟ್‌ನ ತುದಿ. ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ) ಬುಲೆಟ್ ಇದ್ದರೆ ಲೆನ್ಸ್ ಹಿಡಿದು ನೋಡಿ. ಅಂಚು ಒರಟಾಗಿರುತ್ತದೆ, ಒಂದು ಕಡೆ ತುಸು ಎತ್ತರ. ಸೀಸದ ತುದಿಯಂತೂ ಸುಮ್ನೆ ಡಬ್ಬಿಯಲ್ಲಿ ತಾಗಿದರೂ ಜಜ್ಜಿಹೋಗುತ್ತದೆ. ಸೀಟಿಂಗ್ ಡೈ ಸಾಮಾನ್ಯವಾಗಿ ಒತ್ತುವುದು ತುದಿಯನ್ನಲ್ಲ, ಕೆಳಗಿನ ಬಾಗಿದ ಭಾಗವನ್ನು, ಅಂದರೆ ಓಜೈವ್ ಅನ್ನು. ಹಾಗಾಗಿ ಉದ್ದ ಅಳೆಯುವ ಕ್ಯಾಲಿಪರ್‌ಗೆ ಕಂಪ್ಯಾರೇಟರ್ (ಓಜೈವ್ ಮೇಲೆ ಕೂರುವ, ರಂಧ್ರವಿರುವ ಬಿಡಿಭಾಗ) ಹಾಕಿ, ಕೇಸ್‌ನ ಬುಡದಿಂದ ಓಜೈವ್‌ವರೆಗೆ ಅಳೆಯಿರಿ. ನನಗೆ ನಂಬಿಕೆ ಇರುವುದು ಈ ಅಳತೆಯ ಮೇಲೆಯೇ. ಬೇರೆಯವರ ಕಂಪ್ಯಾರೇಟರ್‌ನ ಅಂಕಿಗೆ ಮಾತ್ರ ಹೋಲಿಸಬೇಡಿ, ರಂಧ್ರದ ಅಳತೆ ಬೇರೆ ಇರುತ್ತದೆ.

ಬುಡದಿಂದ ತುದಿವರೆಗಿನ ಪೂರ್ತಿ ಉದ್ದವನ್ನೂ ನೋಡಲೇಬೇಕು. .30-06 ರೈಫಲ್ ತೋಟಾಕ್ಕೆ ಗರಿಷ್ಠ 3.340 ಇಂಚು. ತೋಟಾ ತುಂಬುವ ಕೈಪಿಡಿ ಹೇಳಿದ್ದಕ್ಕಿಂತ ಬುಲೆಟ್ ಜಾಸ್ತಿ ಒಳಗಿಳಿದರೆ ಒತ್ತಡ ಏರಬಹುದು.